ಉತ್ತರ ಯಾವ ಕಡೆ ಎಂದು ಮೊದಲು ಕೇಳಿ

ಕಟ್ಟಡವೊಂದು ವರ್ಷಕ್ಕೆ ಎಷ್ಟು ಕರೆಂಟು ಎಳೆಯುತ್ತದೆ ಎಂಬುದನ್ನು ಪಾಯ ತೋಡುವ ಮೊದಲೇ ಲೆಕ್ಕ ಹಾಕಿಕೊಡುವ ತಂತ್ರಾಂಶಗಳಿವೆ. ನನ್ನ ಜೀವನ ನಡೆಯುವುದು ಆ ಲೆಕ್ಕದಿಂದ. ಹೆಚ್ಚಾಗಿ ನಾನು ಬಳಸುವುದು ಎನರ್ಜಿಪ್ಲಸ್. ಅಮೆರಿಕದ ಇಂಧನ ಇಲಾಖೆ ಹಳೆಯ ಎರಡು ತಂತ್ರಾಂಶಗಳ ಅನುಭವವನ್ನು ಒಟ್ಟುಗೂಡಿಸಿ 2001ರಲ್ಲಿ ಹೊರತಂದದ್ದು ಅದು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಗೋಡೆಯ ದಪ್ಪ, ಗಾಜಿನ ಗುಣ, ಒಳಗಿರುವ ಜನ, ದೀಪ, ಕಂಪ್ಯೂಟರು, ಎ.ಸಿ. ಎಲ್ಲವನ್ನೂ ತುಂಬಿಸಿ, ಆ ಊರಿನ ಹವಾಮಾನದ ಕಡತ ಜೋಡಿಸಿದರೆ ವರ್ಷದ 8,760 ಗಂಟೆಗಳಲ್ಲಿ ಒಂದೊಂದು ಗಂಟೆಗೂ ಒಂದೊಂದು ಕೋಣೆ ಎಷ್ಟು ಬಿಸಿಯಾಯಿತು, ತಣ್ಣಗಿಡಲು ಎಷ್ಟು ವಿದ್ಯುತ್ ಬೇಕಾಯಿತು ಎಂದು ಹೇಳುತ್ತದೆ. ತುಂಬಬೇಕಾದ ನೂರಾರು ಚೌಕಗಳ ನಡುವೆ ದಿಕ್ಕಿಗೆಂದು ಒಂದು ಚೌಕವಿದೆ. ಕಟ್ಟಡವನ್ನು ಬಿಡಿಸಿದ ನಕ್ಷೆಯ ಮೇಲ್ಭಾಗ ನಿಜವಾದ ಉತ್ತರದಿಂದ ಎಷ್ಟು ಡಿಗ್ರಿ ತಿರುಗಿದೆ ಎಂಬುದನ್ನು ಅಲ್ಲಿ ಬರೆಯಬೇಕು. ಬರೆಯದೆ ಬಿಟ್ಟರೆ ತಂತ್ರಾಂಶ ಅದನ್ನು ಸೊನ್ನೆ ಎಂದೇ ತೆಗೆದುಕೊಂಡು ಮುಂದುವರಿಯುತ್ತದೆ. ಎಚ್ಚರಿಕೆ ಕೊಡುವುದಿಲ್ಲ. ಕೊನೆಗೆ ಬರುವ ವರದಿಯಲ್ಲಿ ದಶಮಾಂಶದ ತನಕ ಅಂಕಿ ಇರುತ್ತದೆ, ಬಣ್ಣದ ನಕ್ಷೆ ಇರುತ್ತದೆ, ಸಹಿ ಇರುತ್ತದೆ. ಉತ್ತರ ಎಲ್ಲಿತ್ತು ಎಂದು ಕೇಳುವವರು ಮಾತ್ರ ಇರುವುದಿಲ್ಲ.

ನಮ್ಮಲ್ಲಿ ಕಟ್ಟಡ ಯಾವ ದಿಕ್ಕಿಗೆ ನಿಲ್ಲಬೇಕು ಎಂಬುದನ್ನು ರಸ್ತೆ, ಮಾರುಕಟ್ಟೆ ಮತ್ತು ಅಭ್ಯಾಸ ತೀರ್ಮಾನಿಸುತ್ತಿವೆ. ತಂತ್ರಾಂಶವನ್ನು ಕರೆಯುವುದು ಆಮೇಲೆ, ಆದ ತೀರ್ಮಾನಕ್ಕೆ ಪ್ರಮಾಣಪತ್ರ ಹೊಂದಿಸಲು. ಈ ಕ್ರಮ ತಲೆಕೆಳಗಾಗಿದೆ. ಅದನ್ನು ಸರಿಪಡಿಸುವ ಅಧಿಕಾರ ಇರುವುದು ನನ್ನಂಥವರ ಕೈಯಲ್ಲಲ್ಲ, ಬಡಾವಣೆಗೆ ಮತ್ತು ನಕ್ಷೆಗೆ ಮಂಜೂರಾತಿ ಕೊಡುವವರ ಕೈಯಲ್ಲಿ. ಆದ್ದರಿಂದಲೇ ಇದನ್ನು ವೃತ್ತಿಯವರ ಸಭೆಯಲ್ಲಿ ಹೇಳದೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ದಿಕ್ಕಿನಿಂದ ಅಷ್ಟೇನು ವ್ಯತ್ಯಾಸ ಎನ್ನುವವರಿಗೆ ಒಂದು ಸರಳ ಲೆಕ್ಕ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣಕ್ಕೆ ವಾಲಿ 53, 54 ಡಿಗ್ರಿ ಎತ್ತರದಲ್ಲಿರುತ್ತಾನೆ. ನಾಲ್ಕು ಅಡಿ ಎತ್ತರದ ದಕ್ಷಿಣದ ಕಿಟಕಿಗೆ ಎರಡು ಅಡಿ ಸಜ್ಜಾ ಹಾಕಿದರೆ, ವರ್ಷದಲ್ಲೇ ಸೂರ್ಯ ಅತಿ ಕೆಳಗಿರುವ ಆ ನಡುಹಗಲಿನಲ್ಲೂ ಕಿಟಕಿಯ ಮೇಲಿನ ಎರಡೂಮುಕ್ಕಾಲು ಅಡಿ ನೆರಳಿನಲ್ಲಿರುತ್ತದೆ. ಮಾರ್ಚ್ ಹೊತ್ತಿಗೆ ಸೂರ್ಯ ಎಷ್ಟು ಮೇಲೆ ಬಂದಿರುತ್ತಾನೆಂದರೆ ಅದೇ ಸಜ್ಜಾ ಇಡೀ ಕಿಟಕಿಯನ್ನು ಮುಚ್ಚಿ ಇನ್ನೂ ಕೆಳಕ್ಕೆ ನೆರಳು ಚೆಲ್ಲುತ್ತದೆ. ಈಗ ಅದೇ ಕಿಟಕಿಯನ್ನು, ಅದೇ ಸಜ್ಜಾದ ಸಮೇತ, ಪಶ್ಚಿಮಕ್ಕೆ ತಿರುಗಿಸಿ. ಮಾರ್ಚ್ ಮೂರನೆಯ ವಾರ, ಸಂಜೆ ಐದು ಗಂಟೆ. ಸೂರ್ಯ ಕಿಟಕಿಯ ನೇರಕ್ಕೆ, 21, 22 ಡಿಗ್ರಿ ಎತ್ತರದಲ್ಲಿ ನಿಂತಿರುತ್ತಾನೆ. ಎರಡು ಅಡಿ ಸಜ್ಜಾ ಕೊಡುವ ನೆರಳು ಹತ್ತು ಅಂಗುಲಕ್ಕೂ ಕಡಿಮೆ. ನಾಲ್ಕು ಅಡಿಯನ್ನೂ ಮುಚ್ಚಬೇಕೆಂದರೆ ಸಜ್ಜಾ ಹತ್ತಿರ ಹತ್ತಿರ ಹತ್ತು ಅಡಿ ಮುಂದೆ ಚಾಚಬೇಕು. ಹತ್ತು ಅಡಿ ಸಜ್ಜಾ ಯಾರೂ ಕಟ್ಟುವುದಿಲ್ಲ.

ನಾಲ್ಕಡಿ ಅಗಲ ನಾಲ್ಕಡಿ ಎತ್ತರದ ಸಾಮಾನ್ಯ ಗಾಜಿನ ಪಡುವಣ ಕಿಟಕಿಗೆ ಮೋಡವಿಲ್ಲದ ಮಧ್ಯಾಹ್ನ ನಾಲ್ಕರ ಬಿಸಿಲು ಬಿದ್ದರೆ ಒಳಗೆ ಬರುವ ಶಾಖ ಮುಕ್ಕಾಲು ಕಿಲೋವ್ಯಾಟ್ ಆಸುಪಾಸು. ಕಾದ ಇಸ್ತ್ರಿಪೆಟ್ಟಿಗೆಯನ್ನು ಕೋಣೆಯ ನಡುವೆ ಬಿಟ್ಟುಹೋದ ಹಾಗೆ. ಪೂರ್ವದ ಕಿಟಕಿಗೂ ಬೆಳಿಗ್ಗೆ ಅಷ್ಟೇ ಬಿಸಿಲು ಬೀಳುತ್ತದಲ್ಲ ಎಂದು ಕೇಳಬಹುದು. ಬೀಳುತ್ತದೆ. ಆದರೆ ಬೆಳಗಿನ ಗಾಳಿ ತಂಪಾಗಿರುತ್ತದೆ, ರಾತ್ರಿಯಿಡೀ ಗೋಡೆ ತಣಿದಿರುತ್ತದೆ. ಪಡುವಣ ಬಿಸಿಲು ಬರುವುದು ಹೊರಗಿನ ಗಾಳಿ ದಿನದ ಉತ್ತುಂಗಕ್ಕೆ ಕಾದಿರುವಾಗ. ಗೋಡೆ ಹೀರಿಕೊಂಡ ಶಾಖ ಒಳಮುಖಕ್ಕೆ ತಲುಪುವುದು ರಾತ್ರಿ ಏಳು, ಎಂಟು, ಒಂಬತ್ತಕ್ಕೆ, ಮಕ್ಕಳು ಮಲಗುವ ಹೊತ್ತಿಗೆ. ಕಲಬುರಗಿ, ರಾಯಚೂರಿನವರಿಗೆ ಇದನ್ನು ಯಾವ ತಂತ್ರಾಂಶವೂ ಹೇಳಿಕೊಡಬೇಕಿಲ್ಲ.

ಉತ್ತರದ ವಿಷಯ ಇನ್ನೂ ಸೂಕ್ಷ್ಮ. ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ ಎಂದು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ದೆಹಲಿಗೆ ಅದು ಬಹುಮಟ್ಟಿಗೆ ಸರಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿ ದಾಟುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಮಕ್ಕಳು ಕೋಲು ನೆಟ್ಟು ನೋಡುವುದು ಅದನ್ನೇ. ಅಲ್ಲಿಂದ ಆಗಸ್ಟ್ 18ರ ತನಕ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ನನ್ನ ಊರು ಧಾರವಾಡ. ಅಲ್ಲಿ ಇದು ಮೇ ಮೊದಲ ವಾರಕ್ಕೆ ಶುರುವಾಗಿ ಆಗಸ್ಟ್ ಎರಡನೆಯ ವಾರಕ್ಕೆ ಮುಗಿಯುತ್ತದೆ. ನಮ್ಮ ತವರುಮನೆಯ ಪಡಸಾಲೆ ಉತ್ತರಕ್ಕೆ ತೆರೆದಿದೆ. ಮೇ ಸಂಜೆಗಳಲ್ಲಿ ಓರೆಯಾಗಿ ನುಸುಳುವ ಬಿಸಿಲಿನ ಪಟ್ಟಿ ಅಲ್ಲಿ ಓದಲು ಕೂತವರಿಗೆಲ್ಲ ಪರಿಚಿತ.

ಕೇಂದ್ರದ ಇಂಧನ ದಕ್ಷತಾ ಬ್ಯೂರೊ ರೂಪಿಸಿದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಈ ಭೂಗೋಳವನ್ನು ಗಮನಿಸಿದೆ. 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ವಿದ್ಯುತ್ ಸಂಪರ್ಕ ಪಡೆಯುವ ವಾಣಿಜ್ಯ ಕಟ್ಟಡಗಳಿಗೆ ಅದು ಅನ್ವಯಿಸುತ್ತದೆ. ನಮ್ಮಂಥ ಹವೆಯ ಊರುಗಳಲ್ಲಿ ಗಾಜಿನ ಮೇಲೆ ಬಿದ್ದ ಸೂರ್ಯಶಾಖದಲ್ಲಿ ನೂರಕ್ಕೆ 27 ಪಾಲಿಗಿಂತ ಹೆಚ್ಚು ಒಳಗೆ ಬರಬಾರದು ಎಂಬುದು ಅದರ ನೇರ ನಿಯಮ. ಉತ್ತರದ ಗಾಜಿಗೆ ಮಾತ್ರ 50 ಪಾಲಿನ ತನಕ ವಿನಾಯಿತಿ, ಅದೂ 15 ಡಿಗ್ರಿ ಅಕ್ಷಾಂಶ ಮತ್ತು ಅದರಿಂದ ಉತ್ತರಕ್ಕಿರುವ ಊರುಗಳಿಗೆ. ಆ ಗೆರೆ ನಮ್ಮ ರಾಜ್ಯದ ನಡುವೆಯೇ ಹಾಯುತ್ತದೆ. ಹುಬ್ಬಳ್ಳಿ, ಬಳ್ಳಾರಿ, ಹೊಸಪೇಟೆ ಗೆರೆಯಿಂದ ಮೇಲೆ. ಹಾವೇರಿ, ದಾವಣಗೆರೆ, ಬೆಂಗಳೂರು, ಮಂಗಳೂರು ಕೆಳಗೆ. ಹಾವೇರಿಯ ಕಚೇರಿಯ ಬಡಗಣ ಕಿಟಕಿಗೆ ಒಂದು ನಿಯಮ, ಹುಬ್ಬಳ್ಳಿಯದಕ್ಕೆ ಇನ್ನೊಂದು. ಕಾನೂನಿಗೆ ಎಲ್ಲಾದರೂ ಒಂದು ಗೆರೆ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೆಂಗಳೂರಿನ ಉತ್ತರದ ಕಿಟಕಿಗೆ ದುಬಾರಿ ಕಪ್ಪು ಗಾಜು ಹಾಕಿ, ಹಗಲಿಡೀ ದೀಪ ಉರಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಜೂನ್ ನಡುಹಗಲು ಅಲ್ಲಿ ಸೂರ್ಯ ಸುಮಾರು 80 ಡಿಗ್ರಿ ಎತ್ತರದಲ್ಲಿರುವುದರಿಂದ ಒಂದು ಅಡಿಯ ಸಜ್ಜಾ ಐದಡಿಗೂ ಮೀರಿ ನೆರಳು ಕೊಡುತ್ತದೆ. ಬೆಳಗು ಸಂಜೆಯ ಓರೆ ಬಿಸಿಲಿಗೆ ಕಿಟಕಿಯ ಎರಡೂ ಪಕ್ಕ ಸಣ್ಣ ನಿಲುವುಪಟ್ಟಿ ಸಾಕು. ಸಂಹಿತೆಯಲ್ಲೂ ನೆರಳಿನ ಲೆಕ್ಕ ತೋರಿಸಿ ಹೆಚ್ಚು ತಿಳಿಯಾದ ಗಾಜು ಬಳಸಲು ದಾರಿಯಿದೆ. ಆ ದಾರಿ ಹಿಡಿಯಬೇಕೆಂದರೆ ಮೊದಲು ಉತ್ತರ ಎಲ್ಲಿದೆ ಎಂದು ಖಚಿತವಾಗಿ ಗೊತ್ತಿರಬೇಕು.

ಅಲ್ಲಿಯೇ ನಾವು ಎಡವುವುದು.

ಒಂದು ಶಿಕ್ಷಣ ಸಂಸ್ಥೆಯ ಹಾಸ್ಟೆಲ್ ಕಟ್ಟಡದ ಲೆಕ್ಕ ಮರುಪರಿಶೀಲನೆಗೆ ನನ್ನ ಬಳಿ ಬಂದಿತ್ತು. ಬೇರೊಬ್ಬರು ತಯಾರಿಸಿದ ವರದಿ, ಅಂಕಿಗಳೆಲ್ಲ ನಂಬುವಂತೆಯೇ ಇದ್ದವು. ಉದ್ದನೆಯ ಕಟ್ಟಡ, ಕಾರಿಡಾರಿನ ಎರಡೂ ಬದಿಗೆ ಕೋಣೆಗಳು. ವರದಿಯ ಪ್ರಕಾರ ಕೋಣೆಗಳ ಕಿಟಕಿ ಉತ್ತರ ಮತ್ತು ದಕ್ಷಿಣಕ್ಕೆ. ನಾನು ಉಪಗ್ರಹ ಚಿತ್ರದ ಮೇಲೆ ಸರ್ವೆ ನಕ್ಷೆ ಇಟ್ಟು ನೋಡಿದರೆ ಕಟ್ಟಡದ ಉದ್ದ ಉತ್ತರದಿಂದ ದಕ್ಷಿಣಕ್ಕಿತ್ತು. ಅಂದರೆ ಅರ್ಧ ಕೋಣೆಗಳು ಸೀದಾ ಪಶ್ಚಿಮಕ್ಕೆ. ನಕ್ಷೆ ಬಿಡಿಸಿದ ಹುಡುಗನನ್ನು ವಿಚಾರಿಸಿದೆ. "ಮೇಡಂ, ಹಾಳೆಗೆ ಅಡ್ಡಡ್ಡ ಹೊಂದಲಿ ಅಂತ ಪ್ಲ್ಯಾನ್ ತಿರುಗಿಸಿದ್ವಿ. ನಾರ್ತ್ ಪಾಯಿಂಟ್ ಟೆಂಪ್ಲೇಟಲ್ಲೇ ಇರುತ್ತೆ, ಮೇಲಕ್ಕೇ ಇರುತ್ತೆ" ಎಂದ. ಅವನನ್ನು ನಾನು ದೂರುವುದಿಲ್ಲ, ಯಾರೂ ಅವನಿಗೆ ಅದು ಮುಖ್ಯವೆಂದು ಹೇಳಿರಲಿಲ್ಲ. ಆ ನಕ್ಷೆ ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಇಂಜಿನಿಯರು, ಗುತ್ತಿಗೆದಾರ, ಮಂಜೂರಾತಿ ಕಚೇರಿ ಎಲ್ಲರ ಮೇಜಿನ ಮೇಲೂ ಹಾದುಬಂದಿತ್ತು. ಎಲ್ಲರಿಗೂ ಬೇಕಾದದ್ದು ರಸ್ತೆ ಎಲ್ಲಿ, ಗೇಟು ಎಲ್ಲಿ ಎಂಬುದು. ಉತ್ತರ ಬೇಕಾದದ್ದು ತಂತ್ರಾಂಶಕ್ಕೆ, ಮತ್ತು ಅಲ್ಲಿ ಮಲಗುವ ವಿದ್ಯಾರ್ಥಿಗಳಿಗೆ.

ಇಲ್ಲಿ ದಿಕ್ಸೂಚಿಯ ದೋಷದ ಬಗ್ಗೆ ಒಂದು ಮಾತು. ದಿಕ್ಸೂಚಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಸ್ವಲ್ಪ ಅಂತರವಿರುತ್ತದೆ. ಅಮೆರಿಕದ ಕೆಲವು ಭಾಗಗಳಲ್ಲಿ ಅದು ಹದಿನೈದು ಡಿಗ್ರಿಯಷ್ಟು ದೊಡ್ಡದು. ನಮ್ಮ ರಾಜ್ಯದಲ್ಲಿ ಒಂದೆರಡು ಡಿಗ್ರಿ ಮಾತ್ರ, ಶಕ್ತಿ ಲೆಕ್ಕಕ್ಕೆ ಅದು ಲೆಕ್ಕಕ್ಕಿಲ್ಲ. ಉದ್ದ ಕಟ್ಟಡವೊಂದು ಉತ್ತಮ ದಿಕ್ಕಿನಿಂದ ಹದಿನೈದು ಡಿಗ್ರಿ ಸರಿದರೂ ದೊಡ್ಡ ನಷ್ಟವಿಲ್ಲ. ನಮ್ಮಲ್ಲಿ ನಡೆಯುವ ತಪ್ಪು ತೊಂಬತ್ತು ಡಿಗ್ರಿಯದು, ಅಜಾಗರೂಕತೆಯದು. ವಾಸ್ತು ನೋಡುವವರೂ ಇದನ್ನು ಒಪ್ಪುತ್ತಾರೆಂದು ನಂಬುತ್ತೇನೆ. ಮಯಮತ, ಮಾನಸಾರದಂಥ ಹಳೆಯ ಗ್ರಂಥಗಳು ನೆಲದಲ್ಲಿ ಶಂಕು ನೆಟ್ಟು, ಸುತ್ತ ವೃತ್ತ ಬರೆದು, ಬೆಳಿಗ್ಗೆ ಮತ್ತು ಮಧ್ಯಾಹ್ನ ನೆರಳಿನ ತುದಿ ವೃತ್ತವನ್ನು ಮುಟ್ಟುವ ಎರಡು ಬಿಂದು ಗುರುತಿಸಿ ದಿಕ್ಕು ಸಾಧಿಸುವ ವಿಧಾನವನ್ನು ವಿವರಿಸುತ್ತವೆ. ಆ ಎರಡು ಬಿಂದುಗಳನ್ನು ಸೇರಿಸಿದ ಗೆರೆ ಪೂರ್ವ ಪಶ್ಚಿಮ. ಇಂದಿಗೂ ಆ ವಿಧಾನ ಸರಿಯೇ. ಒಂದು ಕೋಲು, ಒಂದು ಹಗ್ಗ, ಒಂದು ಬಿಸಿಲ ದಿನ ಇದ್ದರೆ ಯಾವ ಮೇಸ್ತ್ರಿಯೂ ಮಾಡಬಹುದು.

ಇನ್ನು ಫಲಿತಾಂಶವನ್ನು ಓದುವ ಬಗೆ. ದಿಕ್ಕು ಬದಲಿಸಿ ಓಡಿಸಿದ ಎರಡು ವರದಿಗಳನ್ನು ಪಕ್ಕದಲ್ಲಿಟ್ಟು ಕಟ್ಟಡದ ಮಾಲೀಕರು ನನ್ನನ್ನು ಕೇಳುವುದುಂಟು: "ವರ್ಷದ ಒಟ್ಟು ಯೂನಿಟ್‌ನಲ್ಲಿ ಇಷ್ಟೇ ವ್ಯತ್ಯಾಸವಾ?" ದೊಡ್ಡ ಐ.ಟಿ. ಕಚೇರಿಯಾದರೆ ಶೇಕಡಾವಾರು ವ್ಯತ್ಯಾಸ ನಿಜಕ್ಕೂ ಚಿಕ್ಕದಾಗಿಯೇ ಕಾಣುತ್ತದೆ. ಅಂಥ ಕಟ್ಟಡದಲ್ಲಿ ಹೆಚ್ಚಿನ ಶಾಖ ಹುಟ್ಟುವುದು ಒಳಗಿನ ಕಂಪ್ಯೂಟರು, ದೀಪ, ಜನರಿಂದ. ಕಿಟಕಿಯಿಂದ ಹದಿನೈದು ಅಡಿ ಒಳಗೆ ಹೋದರೆ ಸೂರ್ಯನ ನೇರ ಪ್ರಭಾವ ತಗ್ಗುತ್ತದೆ, ವಿಶಾಲ ಮಹಡಿಯ ಬಹುಭಾಗ ಇರುವುದೇ ಅದರಾಚೆ. ಚೌಕಾಕಾರದ, ನಾಲ್ಕೂ ಕಡೆ ಸಮ ಗಾಜಿನ ಕಟ್ಟಡವನ್ನು ತೊಂಬತ್ತು ಡಿಗ್ರಿ ತಿರುಗಿಸಿದರೆ ಅಂಕಿ ಅಲುಗುವುದೇ ಇಲ್ಲ. ಒಂದೇ ಅಂತಸ್ತಿನ ಮನೆಯಲ್ಲಿ ಗೋಡೆಗಿಂತ ತಾರಸಿಯ ಬಿಸಿಯೇ ದೊಡ್ಡದು, ತಾರಸಿಗೆ ದಿಕ್ಕಿಲ್ಲ. ಇವೆಲ್ಲ ನಿಜ. ದಿಕ್ಕೊಂದೇ ಸಾಕು ಎಂದು ನಾನು ಹೇಳುತ್ತಿಲ್ಲ.

ಆದರೆ ವರ್ಷದ ಒಟ್ಟು ಅಂಕಿಯಲ್ಲಿ ಯಾರೂ ವಾಸ ಮಾಡುವುದಿಲ್ಲ. ಜನ ಇರುವುದು ಒಂದು ಕೋಣೆಯಲ್ಲಿ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಅದೇ ವರದಿಯಲ್ಲಿ ಕೋಣೆವಾರು, ಗಂಟೆವಾರು ಪುಟ ತೆರೆದರೆ ಪಶ್ಚಿಮದ ಕೋಣೆಯ ಶಿಖರ ಭಾರ ಉತ್ತರದ ಕೋಣೆಗಿಂತ ಎಷ್ಟೋ ಮೇಲಿರುತ್ತದೆ. ಎ.ಸಿ. ಯಂತ್ರದ ಟನ್ ನಿರ್ಧಾರವಾಗುವುದು ಆ ಶಿಖರದಿಂದ, ಸರಾಸರಿಯಿಂದಲ್ಲ. ಯಂತ್ರ ದೊಡ್ಡದಾದರೆ ಕೇಬಲ್ ದೊಡ್ಡದು, ಟ್ರಾನ್ಸ್‌ಫಾರ್ಮರ್ ದೊಡ್ಡದು, ಜನರೇಟರ್ ದೊಡ್ಡದು. ಎ.ಸಿ.ಯೇ ಇಲ್ಲದ ಕಟ್ಟಡವಾದರೆ ಆ ಶಿಖರವನ್ನು ಹೊರುವುದು ಯಂತ್ರವಲ್ಲ, ಮೈ. ತಾಲ್ಲೂಕು ಆಸ್ಪತ್ರೆಯ ವಾರ್ಡು, ಸರ್ಕಾರಿ ಹಾಸ್ಟೆಲು, ಶಾಲೆಯ ಮೇಲಂತಸ್ತು, ಇಲ್ಲೆಲ್ಲ ದಿಕ್ಕಿನ ಪರಿಣಾಮ ಕರೆಂಟು ಬಿಲ್ಲಿನಲ್ಲಿ ಕಾಣಿಸುವುದೇ ಇಲ್ಲ. ಯೂನಿಟ್ ಉಳಿತಾಯವನ್ನಷ್ಟೇ ನೋಡುವ ವರದಿ ಅತಿ ಬಡ ಕಟ್ಟಡಗಳಿಗೆ ಏನನ್ನೂ ಹೇಳುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಬೇರೆ: ವರ್ಷದಲ್ಲಿ ಎಷ್ಟು ಗಂಟೆ ಈ ಕೋಣೆ ಇರಲಾರದಷ್ಟು ಬಿಸಿಯಾಗಿರುತ್ತದೆ, ನಾಲ್ಕು ದಿಕ್ಕಿಗೆ ತಿರುಗಿಸಿದರೆ ಆ ಗಂಟೆಗಳು ಎಷ್ಟೆಷ್ಟು? ತಂತ್ರಾಂಶ ಇದಕ್ಕೂ ಉತ್ತರ ಕೊಡುತ್ತದೆ, ಕೇಳುವವರು ಬೇಕು.

ನಾಲ್ಕು ದಿಕ್ಕಿಗೆ ತಿರುಗಿಸುವುದು ನನ್ನ ಕಲ್ಪನೆಯಲ್ಲ. ಅಮೆರಿಕದ ಆಶ್ರೆ ಸಂಸ್ಥೆಯ 90.1 ಮಾನದಂಡದ ಅನುಬಂಧ ಜಿ ಇದನ್ನು ವರ್ಷಗಳಿಂದ ಹೇಳುತ್ತಿದೆ. ನಮ್ಮಲ್ಲಿ ಲೀಡ್ ಎಂಬ ಹಸಿರು ಕಟ್ಟಡ ಪ್ರಮಾಣಪತ್ರ ಬಯಸುವ ಕಟ್ಟಡಗಳ ಲೆಕ್ಕ ಅದರಂತೆಯೇ ನಡೆಯುತ್ತದೆ. ಹೋಲಿಕೆಗೆ ಇಟ್ಟುಕೊಳ್ಳುವ ಮಾದರಿ ಕಟ್ಟಡವನ್ನು ಇದ್ದಲ್ಲಿ ಒಮ್ಮೆ, ಆಮೇಲೆ 90, 180, 270 ಡಿಗ್ರಿ ತಿರುಗಿಸಿ ಓಡಿಸಿ, ನಾಲ್ಕರ ಸರಾಸರಿ ತೆಗೆಯಬೇಕು. ನೀವು ಕಟ್ಟಲಿರುವ ಕಟ್ಟಡವನ್ನು ಮಾತ್ರ ಅದು ನಿಲ್ಲುವ ದಿಕ್ಕಿನಲ್ಲೇ ಓಡಿಸಬೇಕು. ಹೀಗಾಗಿ ಒಳ್ಳೆಯ ದಿಕ್ಕು ಆರಿಸಿದವರಿಗೆ ಅಂಕ ಸಿಗುತ್ತದೆ, ಕೆಟ್ಟದ್ದನ್ನು ಆರಿಸಿದವರಿಗೆ ಕಳೆಯುತ್ತದೆ. ನ್ಯಾಯವಾದ ನಿಯಮ. ನಿವೇಶನವೇ ದಿಕ್ಕನ್ನು ಕಟ್ಟಿಹಾಕಿದೆ ಎಂದು ತೋರಿಸಿದರೆ ತಿರುಗಿಸುವ ಹೊಣೆಯಿಂದ ವಿನಾಯಿತಿಯೂ ಇದೆ. ನಾಲ್ಕು ರನ್‌ಗಳಲ್ಲಿ ಎಲ್ಲಕ್ಕಿಂತ ಕಡಿಮೆ ಯಾವುದು ಎಂಬ ಮಾಹಿತಿ ಪ್ರತಿ ವರದಿಯೊಳಗೂ ಇರುತ್ತದೆ. ಸರಾಸರಿ ತೆಗೆದ ಮೇಲೆ ಅದನ್ನು ಯಾರೂ ಮತ್ತೆ ನೋಡುವುದಿಲ್ಲ. ಅಡಿಪಾಯ ಆಗಲೇ ಮೇಲೆದ್ದಿರುತ್ತದೆ, ಇನ್ನು ಉಳಿದಿರುವ ದಾರಿ ಹೆಚ್ಚು ಬೆಲೆಯ ಗಾಜು ಕೊಳ್ಳುವುದೊಂದೇ.

ವಾಸದ ಮನೆಗಳಿಗೆ 2018ರಲ್ಲಿ ಬಂದ ಇಕೊ ನಿವಾಸ ಸಂಹಿತೆ ಇನ್ನೂ ಸರಳ. ತಂತ್ರಾಂಶವಿಲ್ಲದೆ ಕ್ಯಾಲ್ಕ್ಯುಲೇಟರಿನಲ್ಲೇ ಮುಗಿಸಬಹುದಾದ ಸೂತ್ರ. ಗೋಡೆ ಕಿಟಕಿಗಳ ಮೂಲಕ ಒಳಬರುವ ಶಾಖ ಸರಾಸರಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎನ್ನುತ್ತದೆ. ಅದರಲ್ಲಿ ಪ್ರತಿ ದಿಕ್ಕಿಗೂ ಒಂದು ಗುಣಕವಿದೆ. ನಮ್ಮ ಅಕ್ಷಾಂಶಗಳಿಗೆ ಉತ್ತರಕ್ಕೆ ಸುಮಾರು 0.66, ದಕ್ಷಿಣಕ್ಕೆ 0.97, ಪೂರ್ವ ಪಶ್ಚಿಮ ಎರಡಕ್ಕೂ ಸುಮಾರು 1.16. ಅಂದರೆ ಅದೇ ಕಿಟಕಿ ಬಡಗಣದಿಂದ ಪಡುವಣಕ್ಕೆ ಹೋದರೆ ಅದರ ತೂಕ ಒಂದೂಮುಕ್ಕಾಲು ಪಟ್ಟು. ಪಿ.ಯು.ಸಿ. ಓದಿದವರಿಗೂ ಅರ್ಥವಾಗುವ ಈ ಕೋಷ್ಟಕವನ್ನು ಪ್ರತಿ ನಗರಸಭೆಯ ನಕ್ಷೆ ವಿಭಾಗದ ಗೋಡೆಗೆ ಅಂಟಿಸಬೇಕು ಎಂಬುದು ನನ್ನ ಆಸೆ.

ಈಗ ನಮ್ಮ ಮನೆಗಳಿಗೆ ಬರೋಣ. 30×40 ಸೈಟು. ಅಲ್ಲಿ ದಿಕ್ಕು ಆರಿಸುವ ಸ್ವಾತಂತ್ರ್ಯ ಮನೆ ಕಟ್ಟುವವರಿಗೆ ಎಲ್ಲಿದೆ? ಬಡಾವಣೆಯ ರಸ್ತೆ ಎಳೆದವರು ಅದನ್ನು ಆಗಲೇ ತೀರ್ಮಾನಿಸಿ ಹೋಗಿರುತ್ತಾರೆ. ಪೂರ್ವ ಮುಖದ ಸೈಟಿಗೆ ಹೆಚ್ಚು ಬೆಲೆ ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಅಂಥ ಸೈಟನ್ನು ತಂತ್ರಾಂಶದಲ್ಲಿ ಒಂಟಿಯಾಗಿ ನಿಲ್ಲಿಸಿ ಓಡಿಸಿದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ: ಮುಂಭಾಗದ 30 ಅಡಿ ಪೂರ್ವಕ್ಕೆ, ಹಿಂಭಾಗ ಪಶ್ಚಿಮಕ್ಕೆ, ಉದ್ದದ 40 ಅಡಿಯ ಗೋಡೆಗಳು ಉತ್ತರ ದಕ್ಷಿಣಕ್ಕೆ. ಪುಸ್ತಕದಲ್ಲಿ ಹೇಳಿದ ಹಾಗೆಯೇ ಇದೆ. ಆದರೆ ಮನೆ ಒಂಟಿಯಾಗಿ ನಿಲ್ಲುವುದಿಲ್ಲ. ಪಕ್ಕದ ಎರಡೂ ಮನೆಗಳನ್ನು ಮಾದರಿಯಲ್ಲಿ ಸೇರಿಸಿ ಮತ್ತೆ ಓಡಿಸಿ. ಮೂರಡಿ ಅಂತರದಲ್ಲಿ ಮೂರಂತಸ್ತಿನ ಗೋಡೆ ಬಂದಾಗ ಉತ್ತರ ದಕ್ಷಿಣದ ಕಿಟಕಿಗಳು ಬೆಳಕನ್ನೂ ಗಾಳಿಯನ್ನೂ ಕಳೆದುಕೊಳ್ಳುತ್ತವೆ. ದೊಡ್ಡ ಕಿಟಕಿ, ಬಾಲ್ಕನಿ, ಗಾಜು ಎಲ್ಲ ಬರುವುದು ಮುಂದೆ ಮತ್ತು ಹಿಂದೆ, ಅಂದರೆ ಪೂರ್ವ ಮತ್ತು ಪಶ್ಚಿಮಕ್ಕೆ. ಒಳ್ಳೆಯ ಎರಡು ದಿಕ್ಕು ಕುರುಡಾಗಿ, ಕಷ್ಟದ ಎರಡು ದಿಕ್ಕು ಕಣ್ಣು ತೆರೆದಿರುತ್ತವೆ.

ಉತ್ತರ ಮುಖದ ಸೈಟಿನಲ್ಲಿ ಇದು ಪೂರ್ತಿ ತಿರುಗಿಬೀಳುತ್ತದೆ. ಒಂಟಿ ಮಾದರಿಯಲ್ಲಿ ಉದ್ದದ ಗೋಡೆಗಳು ಪೂರ್ವ ಪಶ್ಚಿಮಕ್ಕಿರುವುದರಿಂದ ಫಲಿತಾಂಶ ಕೆಟ್ಟದಾಗಿ ಕಾಣುತ್ತದೆ. ಪಕ್ಕದ ಮನೆಗಳನ್ನು ಸೇರಿಸಿದ ಕೂಡಲೇ ಆ ಮನೆಗಳೇ ಪೂರ್ವ ಪಶ್ಚಿಮದ ಬಿಸಿಲನ್ನು ತಡೆಯುತ್ತವೆ, ಕಿಟಕಿಗಳು ಉತ್ತರ ದಕ್ಷಿಣಕ್ಕೆ ತೆರೆಯುತ್ತವೆ. ಸಣ್ಣ ಸಜ್ಜಾದಲ್ಲೇ ಕೆಲಸ ಮುಗಿಯುತ್ತದೆ. ಪಕ್ಕದ ಸೈಟು ಖಾಲಿ ಇರುವ ತನಕ ತೊಂದರೆ ಇದ್ದೇ ಇದೆ, ಆದರೆ ನಗರದ ಬಡಾವಣೆಯಲ್ಲಿ ಸೈಟು ಎಷ್ಟು ಕಾಲ ಖಾಲಿ ಉಳಿದೀತು? ಒಂದೇ ತಂತ್ರಾಂಶ, ಒಂದೇ ಮನೆ, ಒಂದೇ ಹವಾಮಾನ. ಸುತ್ತಮುತ್ತಲನ್ನು ಸೇರಿಸಿದಿರೋ ಬಿಟ್ಟಿರೋ ಎಂಬುದರ ಮೇಲೆ ಯಾವ ದಿಕ್ಕು ಒಳ್ಳೆಯದು ಎಂಬ ಉತ್ತರವೇ ಬದಲಾಗುತ್ತದೆ. ನನ್ನ ವೃತ್ತಿಯ ಕಿರಿಯರಿಗೆ ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಇದನ್ನೇ. ಇದರಿಂದ ಹುಟ್ಟುವ ನೀತಿಯೂ ಸ್ಪಷ್ಟವಾಗಿದೆ: ಅಂಟಿಕೊಂಡ ಮನೆಗಳ ಬಡಾವಣೆಯಲ್ಲಿ ಅಡ್ಡರಸ್ತೆಗಳು ಪೂರ್ವದಿಂದ ಪಶ್ಚಿಮಕ್ಕೆ ಓಡಲಿ, ಸೈಟುಗಳು ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಲಿ. ರಸ್ತೆ ಎಳೆಯುವ ದಿನ ಇದಕ್ಕೆ ತಗಲುವ ಖರ್ಚು ಏನೂ ಇಲ್ಲ. ಮನೆಗಳೆದ್ದ ಮೇಲೆ ಒಂದೊಂದು ಮನೆಯವರೂ ಪರದೆ, ಫಿಲ್ಮು, ಎ.ಸಿ. ಎಂದು ಅದನ್ನು ತಲೆಮಾರುಗಟ್ಟಲೆ ತೀರಿಸುತ್ತಾರೆ.

ಕರಾವಳಿಯವರು ಇಲ್ಲಿ ನನ್ನನ್ನು ತಡೆದು ನಿಲ್ಲಿಸಬೇಕು, ನಿಲ್ಲಿಸುತ್ತಾರೆ ಕೂಡ. ಮಂಗಳೂರಿನಲ್ಲಿ ಮಧ್ಯಾಹ್ನದ ತಂಪು ಬರುವುದೇ ಪಶ್ಚಿಮದಿಂದ, ಸಮುದ್ರದ ಕಡೆಯಿಂದ. ಕೋಣೆಯನ್ನು ಮುಚ್ಚಿ ಎ.ಸಿ. ಹಾಕಿದ್ದಾರೆ ಎಂದುಕೊಂಡು ಓಡಿಸಿದ ಲೆಕ್ಕ ಪಶ್ಚಿಮದ ಕಿಟಕಿಯನ್ನು ಮುಚ್ಚಿಬಿಡಿ ಎನ್ನುತ್ತದೆ. ಕಿಟಕಿ ತೆರೆದು ಬದುಕುವ ಮನೆಗೆ ಆ ಸಲಹೆ ಕೊಟ್ಟರೆ ಸೆಕೆಯಲ್ಲಿ ಬೇಯಿಸಿದಂತೆ. ಅಲ್ಲಿ ಗಾಳಿಯ ಹರಿವನ್ನೂ ಮಾದರಿಯಲ್ಲಿ ಹಾಕಬೇಕು, ಬಿಸಿಲಿಗೆ ಜಾಲಿ, ಮರದ ಪಟ್ಟಿ, ಆಳವಾದ ಜಗಲಿ ಯೋಚಿಸಬೇಕು. ಮಳೆಗಾಲದಲ್ಲಿ ಅದೇ ದಿಕ್ಕಿನಿಂದ ಬರುವ ಎರಚಲು ಮಳೆಯನ್ನು ಯಾವ ಶಕ್ತಿ ವರದಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೋಡ ಮುಚ್ಚಿದ ಜೂನ್, ಜುಲೈಗಳಲ್ಲಿ ಬೆಳಕು ಆಕಾಶದ ಎಲ್ಲ ಕಡೆಯಿಂದ ಹರಡಿ ಬರುವುದರಿಂದ ದಿಕ್ಕುಗಳ ನಡುವಿನ ಅಂತರವೂ ಕುಗ್ಗುತ್ತದೆ. ನಮ್ಮ ಹಲವು ಹವಾಮಾನ ಕಡತಗಳಲ್ಲಿ ಸೂರ್ಯನ ಅಂಕಿಗಳು ನೆಲದ ಮೇಲೆ ಅಳೆದವಲ್ಲ, ಬೇರೆ ಮಾಹಿತಿಯಿಂದ ಅಂದಾಜಿಸಿದವು. ಸಣ್ಣ ಊರುಗಳಿಗೆ ಕಡತವೇ ಇಲ್ಲದೆ ಹತ್ತಿರದ ದೊಡ್ಡ ಊರಿನದನ್ನು ಬಳಸುತ್ತೇವೆ. ಆದ್ದರಿಂದ ದಶಮಾಂಶದ ಅಂಕಿಯನ್ನು ನಂಬಬೇಡಿ, ನಾಲ್ಕು ರನ್‌ಗಳ ನಡುವಿನ ಕ್ರಮವನ್ನು ನಂಬಿ.

ಈ ತಿಳಿವಳಿಕೆ ನಮ್ಮ ನೆಲಕ್ಕೆ ಹೊಸದಲ್ಲ. ನಾಜಿ ಜರ್ಮನಿ ತೊರೆದು ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಿಂದ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ದುಡಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರ ಕಟ್ಟಡಗಳಿವೆ. ಮುಂದೆ ಲಂಡನ್ನಿನಲ್ಲಿ ಪಾಠ ಹೇಳುತ್ತ, ಸಹೋದ್ಯೋಗಿಗಳೊಡನೆ 1970ರ ದಶಕದಲ್ಲಿ ಅವರು ಹೊರತಂದ ಉಷ್ಣವಲಯದ ಮನೆಗಳ ಕೈಪಿಡಿಯನ್ನು ಜಗತ್ತಿನ ಆರ್ಕಿಟೆಕ್ಚರ್ ಕಾಲೇಜುಗಳು ಈಗಲೂ ಓದುತ್ತವೆ. ಅದೇ ಕಾಲದಲ್ಲಿ ಅವರ ಬಳಗ ರೂಪಿಸಿದ ಮಹೋನಿ ಕೋಷ್ಟಕಗಳಲ್ಲಿ ಊರಿನ ತಿಂಗಳುವಾರು ಉಷ್ಣತೆ, ತೇವ, ಮಳೆ ತುಂಬಿದರೆ ವಿನ್ಯಾಸದ ಸಲಹೆಗಳು ಸಾಲಾಗಿ ಬರುತ್ತವೆ. ಮೊದಲ ಸಲಹೆಯೇ ಕಟ್ಟಡ ಯಾವ ದಿಕ್ಕಿಗೆ ಮಲಗಬೇಕು ಎಂಬುದು. ಗಾಜಿನ ಮಾತು ಅಲ್ಲಿ ಆಮೇಲೆ. ಕಂಪ್ಯೂಟರಿಲ್ಲದ ಕಾಲದಲ್ಲಿ ಪೆನ್ಸಿಲಿನಿಂದ ತುಂಬುವ ಕೋಷ್ಟಕಕ್ಕೆ ಇದ್ದ ವಿವೇಕದ ಕ್ರಮ ನಮ್ಮ ಮಂಜೂರಾತಿ ಪದ್ಧತಿಯಲ್ಲಿ ಇಲ್ಲ.

ಬೆಂಗಳೂರಿನ ದೊಮ್ಮಲೂರಿನಲ್ಲಿ ಸಂಜಯ್ ಮೋಹೆ ವಿನ್ಯಾಸ ಮಾಡಿದ ಟೆರಿ ಸಂಸ್ಥೆಯ ಕಟ್ಟಡವನ್ನು ಆಸಕ್ತರು ನೋಡಬೇಕು. ನಿವೇಶನದ ದಕ್ಷಿಣಕ್ಕೆ ದುರ್ವಾಸನೆಯ ಚರಂಡಿ, ಗಾಳಿ ಬರುವುದೂ ಅದೇ ಕಡೆಯಿಂದ. ಕಟ್ಟಡ ದಕ್ಷಿಣಕ್ಕೆ ಬೆನ್ನು ತಿರುಗಿಸಿ ಕುಳಿತಿದೆ. ಅಲ್ಲಿ ಕಿಟಕಿಯಿಲ್ಲದ ಜೋಡಿ ಗೋಡೆ, ಹೊರಮೈಗೆ ಕಪ್ಪು ಕಡಪಾ ಕಲ್ಲು. ಬಿಸಿಲಿಗೆ ಆ ಕಲ್ಲು ಕಾದಾಗ ನಡುವಿನ ಗಾಳಿ ಮೇಲೇರಿ, ಉತ್ತರದ ತಂಪು ಗಾಳಿಯನ್ನು ಕಟ್ಟಡದ ಮೂಲಕ ಎಳೆದುಕೊಳ್ಳುತ್ತದೆ. ದಕ್ಷಿಣಕ್ಕೆ ತೆರೆ ಎನ್ನುವ ಸಾಮಾನ್ಯ ಸೂತ್ರವನ್ನು ಅಲ್ಲಿ ಬಿಟ್ಟುಕೊಟ್ಟಿದ್ದಾರೆ, ಆ ಜಾಗ ಏನು ಹೇಳುತ್ತಿದೆಯೋ ಅದನ್ನು ಕೇಳಿಸಿಕೊಂಡಿದ್ದಾರೆ. ದಿಕ್ಕಿನೊಡನೆ ಹೀಗೆ ಕೆಲಸ ಮಾಡಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ನಿಂತಿದೆ.

ನಾನು ಕೇಳುತ್ತಿರುವುದು ಕೆಲವೇ ಸಂಗತಿಗಳನ್ನು. ಮಂಜೂರಾತಿಗೆ ಬರುವ ನಕ್ಷೆಯಲ್ಲಿ ನಿಜವಾದ ಉತ್ತರವನ್ನು ಸರ್ವೆಯವರು ಅಳೆದು ಸಹಿ ಹಾಕಿರಲಿ. ಶಕ್ತಿ ವರದಿ ಕೊಡಬೇಕಾದ ಕಟ್ಟಡಗಳು ನಾಲ್ಕು ದಿಕ್ಕಿನ ಫಲಿತಾಂಶವನ್ನೂ ಸರಾಸರಿಯ ಹಿಂದೆ ಅಡಗಿಸದೆ ಮುಂದಿಡಲಿ, ಅಕ್ಕಪಕ್ಕದ ಕಟ್ಟಡಗಳನ್ನು ಸೇರಿಸಿಯೇ ಇಡಲಿ. ಸರ್ಕಾರದ ಹಣದಲ್ಲಿ ಕಟ್ಟುವ ಶಾಲೆ, ಹಾಸ್ಟೆಲು, ಆಸ್ಪತ್ರೆಗಳಿಗೆ ಒಂದೇ ಮಾದರಿ ನಕ್ಷೆಯನ್ನು ಬೀದರಿನಿಂದ ಚಾಮರಾಜನಗರದ ತನಕ ರಸ್ತೆ ಕಂಡ ಕಡೆಗೆ ತಿರುಗಿಸಿ ನಿಲ್ಲಿಸುವ ಮೊದಲು, ಅತಿ ಬಿಸಿಯ ಕೋಣೆ ಯಾವುದು, ಅಲ್ಲಿ ಯಾರು ಇರುತ್ತಾರೆ ಎಂದು ಬರೆದುಕೊಡುವ ಒಂದು ಪುಟ ಕಡ್ಡಾಯವಾಗಲಿ. ಸ್ವಂತ ಮನೆ ಕಟ್ಟುವವರು ತಮ್ಮ ಇಂಜಿನಿಯರನ್ನು ಕೇಳಲಿ: ಪಶ್ಚಿಮದ ಗೋಡೆಯ ಮೇಲೆ ಏನೇನಿದೆ? ಮೆಟ್ಟಿಲು, ಬಚ್ಚಲು, ಉಗ್ರಾಣ ಅಲ್ಲಿಗೆ ಹೋಗಬಹುದೇ, ಮಲಗುವ ಕೋಣೆ ಬೇರೆಡೆಗೆ ಬರಬಹುದೇ? ಇದಕ್ಕೆ ತಂತ್ರಾಂಶವೂ ಬೇಡ.

ಬಡಾವಣೆಗಳ ಮಟ್ಟಿಗೆ ಮಾತ್ರ ತಂತ್ರಾಂಶ ಬೇಕು. ರಸ್ತೆಗಳು ಇನ್ನೂ ಕಾಗದದ ಮೇಲಿರುವಾಗ, ಮಾದರಿ ಮನೆಗಳ ಒಂದು ಸಾಲನ್ನು ಎರಡು ಮೂರು ದಿಕ್ಕಿಗೆ ತಿರುಗಿಸಿ ಓಡಿಸಿ ನೋಡುವುದು ಒಬ್ಬ ಅನುಭವಿ ಇಂಜಿನಿಯರಿಗೆ ವಾರದೊಳಗೆ ಮುಗಿಯುವ ಕೆಲಸ. ತಂತ್ರಾಂಶ ಉಚಿತ, ಹವಾಮಾನದ ಕಡತಗಳು ಉಚಿತ. ನಗರಾಭಿವೃದ್ಧಿ ಪ್ರಾಧಿಕಾರಗಳು ಮುಂದಿನ ಬಡಾವಣೆಯಿಂದಲೇ ಇದನ್ನು ಆರಂಭಿಸಬಹುದು.